1971ರ ಎಂ.ಜಿ.ಬಿ. ರೋಡ್‌ಸ್ಟರ್: ಕೊಳ್ಳುವ ಮುನ್ನ ಕೆಳಗೆ ಇಣುಕಿ ನೋಡಿದ್ದು

ಆಕ್ಸ್‌ಫರ್ಡ್‌ಗೆ ಸಮೀಪದ ಹಳ್ಳಿಯೊಂದರ ಮನೆಯಂಗಳದಲ್ಲಿ ಮಾರಾಟಕ್ಕೆ ನಿಂತಿದ್ದ 1971ರ ಎಂ.ಜಿ.ಬಿ. ರೋಡ್‌ಸ್ಟರ್ ಎಂಬ, ಛಾವಣಿ ಮಡಚಬಹುದಾದ ಹಳೆಯ ಬ್ರಿಟಿಷ್ ಕಾರೊಂದನ್ನು ಕಳೆದ ಶನಿವಾರ ಸುಮಾರು ಮೂರು ಗಂಟೆ ಕಾಲ ಪರೀಕ್ಷಿಸಿ ಬಂದೆ. ಮಾರುವವರು ಕೇಳಿದ ಬೆಲೆ 11,500 ಪೌಂಡ್. ಕಡುಹಸಿರು ಬಣ್ಣ, ತಂತಿಯ ಚಕ್ರಗಳು, ಕ್ರೋಮ್ ಬಂಪರ್, ಹಿಂದಕ್ಕೆ ಮಡಚಿಟ್ಟ ಮೇಲ್ಛಾವಣಿ. ಇಪ್ಪತ್ತು ಹೆಜ್ಜೆ ದೂರದಿಂದ ನೋಡಿದರೆ ಚೆಕ್ ಬರೆದು ಕೊಟ್ಟುಬಿಡಬೇಕು ಅನ್ನಿಸುವಂತಿತ್ತು. ಹಾಗೆ ಅನ್ನಿಸುವುದರಿಂದಲೇ ಹಳೆಯ ಕಾರನ್ನು ಮೊದಲು ಹತ್ತಿರದಿಂದ, ಆಮೇಲೆ ಕೆಳಗಿನಿಂದ ನೋಡಬೇಕಾಗುತ್ತದೆ.

ಎಂ.ಜಿ. ಎಂದರೆ ಬೆಂಗಳೂರಿನವರಿಗೆ ಮೊದಲು ನೆನಪಾಗುವುದು ರಸ್ತೆ, ಈಚಿನ ವರ್ಷಗಳಲ್ಲಿ ಹೆಕ್ಟರ್. ಮೂಲದಲ್ಲಿ ಅದು ಮಾರಿಸ್ ಗ್ಯಾರೇಜಸ್ ಎಂಬುದರ ಮೊದಲಕ್ಷರಗಳು. ಎಂ.ಜಿ.ಬಿ. ತಯಾರಾದದ್ದು ಆಕ್ಸ್‌ಫರ್ಡ್‌ನ ದಕ್ಷಿಣಕ್ಕಿರುವ ಅಬಿಂಗ್ಡನ್ ಪಟ್ಟಣದಲ್ಲಿ, 1962ರಿಂದ 1980ರವರೆಗೆ. ಎಲ್ಲ ಮಾದರಿಗಳೂ ಸೇರಿ ಐದು ಲಕ್ಷಕ್ಕೂ ಮೀರಿ ತಯಾರಾದವು. ಅವುಗಳಲ್ಲಿ ಬಹುಪಾಲು ಹಡಗು ಹತ್ತಿ ಅಮೆರಿಕಕ್ಕೆ ಹೋದವು. ಆದ್ದರಿಂದ ಇದನ್ನು ಯಾರಾದರೂ ‘ಬಹಳ ಅಪರೂಪದ ಗಾಡಿ’ ಎಂದು ಪರಿಚಯಿಸಿದರೆ ಅದು ಬೆಲೆ ಏರಿಸುವುದಕ್ಕೆ ಹಾಕಿದ ಪೀಠಿಕೆಯೆಂದು ತಿಳಿಯಬಹುದು. ಒಂದು ಕೈತಪ್ಪಿದರೆ ಮುಂದಿನ ವಾರ ಇನ್ನೊಂದು ಸಿಗುತ್ತದೆ, ಹಾಗಾಗಿ ಕೊಳ್ಳುವವರು ಅವಸರಪಡಬೇಕಾಗಿಲ್ಲ.

ನಮ್ಮೂರಿನ ಅಭ್ಯಾಸದಂತೆ ನಾನು ಮೊದಲು ಎತ್ತಿದ್ದು ಬಾನೆಟ್ಟನ್ನೇ. ಒಳಗೆ ಕಂಡದ್ದು ಅಪರಿಚಿತ ಮುಖವೇನಲ್ಲ. ಇದರ 1798 ಸಿ.ಸಿ. ಎಂಜಿನ್ನು ಬಿ.ಎಂ.ಸಿ. (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಕುಟುಂಬದ್ದು. ನಮ್ಮ ಅಂಬಾಸಡರ್‌ನಲ್ಲಿ ದಶಕಗಳ ಕಾಲ ದುಡಿದ 1489 ಸಿ.ಸಿ. ಎಂಜಿನ್ನು ಇದರದೇ ಒಡಹುಟ್ಟು. ಕಬ್ಬಿಣದ ಬ್ಲಾಕು, ಕಬ್ಬಿಣದ ಹೆಡ್ಡು, ಪಕ್ಕದಲ್ಲಿ ಕ್ಯಾಮ್‌ಶಾಫ್ಟು, ಪುಷ್‌ರಾಡುಗಳು ಎಲ್ಲವೂ ಅದೇ ಗುಣ, ಅದೇ ಸಹನೆ. ಅಂಬಾಸಡರ್ ಬಿಚ್ಚಿ ಜೋಡಿಸಿದ ಮೆಕ್ಯಾನಿಕ್ ಒಬ್ಬರನ್ನು ಶಿವಮೊಗ್ಗದಿಂದ ಕರೆತಂದು ಇದರ ಮುಂದೆ ನಿಲ್ಲಿಸಿದರೆ ಅವರು ಕೈಪಿಡಿ ಕೇಳಲಾರರು. 1964ರ ಕೊನೆಯಿಂದ ಈ ಎಂಜಿನ್ನಿಗೆ ಕ್ರ್ಯಾಂಕ್‌ಶಾಫ್ಟನ್ನು ಹೊರುವ ಮೇನ್ ಬೇರಿಂಗುಗಳು ಮೂರರ ಬದಲು ಐದು ಬಂದವು. ಹೀಗಾಗಿ 1971ರ ಗಾಡಿಯಲ್ಲಿ ಎಂಜಿನ್ನಿನ ಕೆಳಭಾಗ ಗಟ್ಟಿಮುಟ್ಟಾಗಿಯೇ ಇರುತ್ತದೆ. ತಣ್ಣಗಿದ್ದಾಗಲೇ ಚಾಲೂ ಮಾಡಬೇಕೆಂದು ಮೊದಲೇ ಹೇಳಿಟ್ಟಿದ್ದೆ, ಏಕೆಂದರೆ ಬಿಸಿ ಎಂಜಿನ್ನು ಅರ್ಧ ಕಾಯಿಲೆಯನ್ನು ಮುಚ್ಚಿಡುತ್ತದೆ. ಚೋಕ್ ಎಳೆದು ಕೀಲಿ ತಿರುಗಿಸಿದಾಗ ಎರಡನೆಯ ಸುತ್ತಿಗೇ ಹತ್ತಿತು. ನೀಲಿ ಹೊಗೆ ಇಲ್ಲ. ಬಿಸಿಯಾದ ಮೇಲೆ ಓಡುವಾಗ ಎಣ್ಣೆಯ ಒತ್ತಡ ಚದರ ಅಂಗುಲಕ್ಕೆ ಅರುವತ್ತು ಪೌಂಡಿನ ಹತ್ತಿರ, ನಿಂತಾಗ ಇಪ್ಪತ್ತು ತೋರಿಸಿತು, ಇದು ತೃಪ್ತಿಕರ. ಕೆಳಗೆ ನಾಲ್ಕು ಹನಿ ಎಣ್ಣೆ ಬಿದ್ದಿದ್ದನ್ನು ನಾನು ದೋಷದ ಲೆಕ್ಕಕ್ಕೆ ಹಿಡಿಯಲಿಲ್ಲ.

ಎಂಜಿನ್ನಿನ ಬಗ್ಗೆ ಇಷ್ಟು ಸಾಕು, ಏಕೆಂದರೆ ಎಂ.ಜಿ.ಬಿ. ಕೊಳ್ಳುವವರು ನಿಜವಾಗಿ ಹಣ ಕೊಡುವುದು ಅದಕ್ಕಲ್ಲ. ಇದಕ್ಕೆ ಹಿಂದಿನ ಎಂ.ಜಿ.ಎ. ಕಾರಿಗೆ ಪ್ರತ್ಯೇಕ ಚಾಸಿಸ್ ಇತ್ತು, ಎಂ.ಜಿ.ಬಿ.ಯಲ್ಲಿ ಅದನ್ನು ಕೈಬಿಟ್ಟು, ತಗಡಿನ ದೇಹವೇ ಭಾರ ಹೊರುವಂತೆ ರಚಿಸಲಾಯಿತು. ಮೇಲ್ಛಾವಣಿಯ ಆಸರೆ ಇಲ್ಲದ ರೋಡ್‌ಸ್ಟರಿನಲ್ಲಿ ಆ ಭಾರವೆಲ್ಲ ಬಾಗಿಲುಗಳ ಕೆಳಗೆ ಉದ್ದಕ್ಕೆ ಹಾಯುವ ಸಿಲ್‌ಗಳ ಮೇಲೆ ಬೀಳುತ್ತದೆ. ಹೊರಗೊಂದು ತಗಡು, ಒಳಗೊಂದು ತಗಡು, ಅವೆರಡರ ಬುಡದಲ್ಲಿ ಕೋಟೆಯ ತೆನೆಯಂತೆ ಏರಿಳಿಯುವ ಮಡಿಕೆಯ ಮೂರನೆಯ ಪಟ್ಟಿ ಸೇರಿ ಒಂದು ಪೆಟ್ಟಿಗೆಯಾಗುತ್ತದೆ. ಆ ಮೂರನೆಯದನ್ನು ಇಲ್ಲಿನ ಕೆಲಸಗಾರರು ಕ್ಯಾಸಲ್ ರೇಲ್ ಎಂದೇ ಕರೆಯುತ್ತಾರೆ. ಮಳೆನೀರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು, ಕೆಸರು ಎಲ್ಲವೂ ಮುಂದಿನ ಮಡ್‌ಗಾರ್ಡಿನ ಹಿಂಬದಿಯಿಂದ ಒಳಹೊಕ್ಕು ಇದೇ ಪೆಟ್ಟಿಗೆಯಲ್ಲಿ ಕೂರುತ್ತವೆ, ಮತ್ತು ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಗುಳ್ಳೆ ಕಂಡಿತೆಂದರೆ ಒಳಗೆ ಊಟ ಮುಗಿದಿದೆ ಎಂದೇ ಅರ್ಥ.

ಸಿಲ್ ಬದಲಿಸುವ ಕೆಲಸ ಮಾಡಿದರೆ ಸರಿಯಾಗಿ ಮಾಡಬೇಕು. ಹೊರ ತಗಡು ಮುಂದಿನ ಮಡ್‌ಗಾರ್ಡಿನ ಅಡಿಗೂ ಹಿಂದಿನದರ ಅಡಿಗೂ ಚಾಚಿಕೊಂಡಿರುವುದರಿಂದ ಮುಂದಿನದನ್ನು ಬಿಚ್ಚಬೇಕು, ಹಿಂದಿನದರ ತಳವನ್ನು ಕತ್ತರಿಸಬೇಕು. ಆ ಶ್ರಮ ಬೇಡವೆನ್ನುವವರು ಕೊಳೆತ ಸಿಲ್ಲಿನ ಮೇಲೆಯೇ ಹೊಸ ತಗಡನ್ನು ಹೊದಿಸಿ ವೆಲ್ಡ್ ಮಾಡಿ, ಸಂದಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಾರೆ. ಹಾಗೆ ಹೊದಿಸಿದ್ದನ್ನು ಗುರುತಿಸುವ ಸುಳಿವು ಸರಳ: ಮಡ್‌ಗಾರ್ಡಿನ ತಳ ಸಿಲ್ ಅನ್ನು ಕೂಡುವಲ್ಲಿ ಒಂದು ಜೋಡಣೆಯ ಗೆರೆ ಇರಬೇಕು. ನಾನು ನೋಡಿದ ಕಾರಿನ ಬಲಬದಿಯಲ್ಲಿ ಆ ಗೆರೆ ಇತ್ತು. ಎಡಬದಿಯಲ್ಲಿ ಗೋಡೆಗೆ ಗಾರೆ ಬಳಿದಂತೆ ನುಣುಪಾಗಿತ್ತು. ಬಟ್ಟೆ ಸುತ್ತಿದ ಅಯಸ್ಕಾಂತ ಬಲಗಡೆ ಅಂಟಿಕೊಂಡಿತು, ಎಡಗಡೆ ಗೇಣುದ್ದದ ಜಾಗದಲ್ಲಿ ಜಾರಿ ಬಿತ್ತು. ಆಮೇಲೆ ಮಾಲೀಕರ ಅನುಮತಿ ಪಡೆದು ಎಡಗಡೆಯ ಜ್ಯಾಕ್ ಬಿಂದುವಿನಲ್ಲಿ ಕಾರನ್ನು ಮೆಲ್ಲಗೆ ಎತ್ತಿದೆ. ಗಟ್ಟಿ ದೇಹವಾಗಿದ್ದರೆ ಬಾಗಿಲಿನ ಸುತ್ತಲಿನ ಸಂದು ಅಲುಗುವುದಿಲ್ಲ. ಇಲ್ಲಿ ಹಿಂಬದಿಯ ಸಂದು ಕಣ್ಣೆದುರಿಗೇ ಬದಲಾಯಿತು, ಬಾಗಿಲು ತೆರೆಯಲು ಜಗ್ಗಬೇಕಾಯಿತು. ಮಾಲೀಕರು ‘ಹಳೆಯ ಕಾರಲ್ಲವೇ’ ಎಂದರು. ನಾನು ಏನೂ ಹೇಳದೆ ಜ್ಯಾಕ್ ಇಳಿಸಿದೆ.

ಉಳಿದ ಕಡೆ ಅಂಥ ಆಘಾತವಿರಲಿಲ್ಲ. ಆಸನಗಳ ಹಿಂದೆ, ನೆಲದಡಿ ಅಡಗಿರುವ ಆರಾರು ವೋಲ್ಟಿನ ಎರಡು ಬ್ಯಾಟರಿಗಳ ತೊಟ್ಟಿಗಳು ಸಾಮಾನ್ಯವಾಗಿ ಆಮ್ಲ ತಾಗಿ ತೂತಾಗಿರುತ್ತವೆ. ಇಲ್ಲಿ ಯಾರೋ ಹನ್ನೆರಡು ವೋಲ್ಟಿನ ಒಂದೇ ಬ್ಯಾಟರಿ ಕೂರಿಸಿ ತೊಟ್ಟಿಯನ್ನೂ ಬದಲಿಸಿದ್ದರು. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟವಿತ್ತು, ಬ್ರೇಕ್ ಒತ್ತಿಸಿ ನೋಡಿದಾಗಲೂ ಹೋಗಲಿಲ್ಲ. ಹಾಗಾಗಿ ಅದು ಬೇರಿಂಗಿನದಲ್ಲ, ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್‌ಪಿನ್ ಎಂಬ ಗೂಟದ ಸವೆತ. ಮೂರು ಸಾವಿರ ಮೈಲಿಗೊಮ್ಮೆ ಗ್ರೀಸ್ ಹೊಡೆಯದಿದ್ದರೆ ಹೀಗಾಗುತ್ತದೆ, ಮತ್ತು ಅದು ಮಾಲೀಕರ ಶಿಸ್ತಿನ ಬಗ್ಗೆಯೂ ಹೇಳುತ್ತದೆ. ತಂತಿ ಚಕ್ರಗಳು ಹಬ್ಬಿಗೆ ಕಚ್ಚಿಕೊಳ್ಳುವ ಹಲ್ಲುಗಳು ಮಾತ್ರ ಚೆನ್ನಾಗಿದ್ದವು: ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರ ತಿರುಗಿಸಲು ನೋಡಿದರೆ ಕಟಕ್ಕೆನ್ನಲಿಲ್ಲ.

ಓಡಿಸುವಾಗ ಈ ಕಾರು ತನ್ನ ವಕಾಲತ್ತನ್ನು ತಾನೇ ಮಾಡುತ್ತದೆ. 95 ಅಶ್ವಶಕ್ತಿಯೆಂದರೆ ಇಂದಿನ ಸಾಧಾರಣ ಹ್ಯಾಚ್‌ಬ್ಯಾಕ್‌ನಷ್ಟೇ. ಆದರೆ ನೆಲಕ್ಕೆ ತಾಗುವಂತೆ ಕುಳಿತು, ನೇರ ಸ್ಟೀರಿಂಗು ಹಿಡಿದು, ಗಿಡ್ಡ ಗೇರುಕಡ್ಡಿಯನ್ನು ಮಣಿಕಟ್ಟಿನಿಂದಲೇ ಸರಿಸುತ್ತ ಹಳ್ಳಿಯ ರಸ್ತೆಯಲ್ಲಿ ಗಂಟೆಗೆ ನಲವತ್ತು ಮೈಲಿಯಲ್ಲಿ ಹೋದರೂ ಎಪ್ಪತ್ತರ ಸಂತೋಷ ಸಿಗುತ್ತದೆ. 1967ರ ಬಳಿಕದ ಗಾಡಿಗಳಲ್ಲಿ ಮೊದಲ ಗೇರಿಗೂ ಸಿಂಕ್ರೋಮೆಶ್ (ಹಲ್ಲುಗಳ ವೇಗ ಹೊಂದಿಸಿ ಗೇರನ್ನು ಸರಾಗವಾಗಿ ಕೂಡಿಸುವ ಏರ್ಪಾಡು) ಇರುವುದರಿಂದ ಕಿರುಚಾಟವಿಲ್ಲ. ಮೂರು, ನಾಲ್ಕನೆಯ ಗೇರುಗಳಲ್ಲಿ ಓವರ್‌ಡ್ರೈವ್ (ಅದೇ ವೇಗಕ್ಕೆ ಎಂಜಿನ್ನಿನ ಸುತ್ತು ತಗ್ಗಿಸುವ ಹೆಚ್ಚುವರಿ ಗೇರು) ತಕ್ಷಣ ಹಿಡಿಯಿತು, ತಕ್ಷಣ ಬಿಟ್ಟಿತು. ಹಳ್ಳಕ್ಕೆ ಬಿದ್ದಾಗ ಮಾತ್ರ ಡ್ಯಾಶ್‌ಬೋರ್ಡು ಒಂದು ದಿಕ್ಕಿಗೆ, ಬಾಗಿಲು ಇನ್ನೊಂದು ದಿಕ್ಕಿಗೆ ನಡುಗಿದಂತಾಯಿತು. ಎಡ ಸಿಲ್ಲಿನ ಸಾಕ್ಷ್ಯ ಅಲ್ಲಿಯೂ ಸಿಕ್ಕಿತು.

ಕಾಗದಪತ್ರಗಳನ್ನು ನಾನು ಮನೆಯಲ್ಲೇ ಓದಿಕೊಂಡು ಹೋಗಿದ್ದೆ. ಬ್ರಿಟನ್ನಿನಲ್ಲಿ ಕಾರಿನ ವಾರ್ಷಿಕ ತಪಾಸಣೆಯ ಇತಿಹಾಸವನ್ನು ನೋಂದಣಿ ಸಂಖ್ಯೆ ಹಾಕಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಮೈಲಿಗಳ ಲೆಕ್ಕವನ್ನು ಅಲ್ಲಿಂದಲೇ ತಾಳೆ ನೋಡಬೇಕು, ಏಕೆಂದರೆ ಈ ಕಾರಿನ ಮೀಟರಿನಲ್ಲಿ ಪೂರ್ಣ ಮೈಲಿಗಳಿಗೆ ಐದೇ ಅಂಕಿಗಳು, ಲಕ್ಷ ದಾಟಿದೊಡನೆ ಮತ್ತೆ ಸೊನ್ನೆ. 2018ರಿಂದ, ದೊಡ್ಡ ಮಾರ್ಪಾಡುಗಳಾಗದ ನಲವತ್ತು ವರ್ಷ ಮೀರಿದ ವಾಹನಗಳಿಗೆ ಈ ತಪಾಸಣೆಯಿಂದ ವಿನಾಯಿತಿ ಇದೆ. ವಿನಾಯಿತಿ ಹಿತವಾದದ್ದೇ, ಆದರೆ ಅಂದಿನಿಂದ ಅನೇಕ ಕಾರುಗಳ ಹೊಟ್ಟೆಯನ್ನು ಯಾರೂ ಬೆಳಕು ಹಾಕಿ ನೋಡಿಲ್ಲ. ಈ ಕಾರಿನ ಕಟ್ಟಕಡೆಯ ತಪಾಸಣಾ ವರದಿಯಲ್ಲಿ ಎಡ ಸಿಲ್ಲಿನ ತುಕ್ಕಿನ ಬಗ್ಗೆ ಎಚ್ಚರಿಕೆ ಇತ್ತು, ಅದರ ನಂತರದ ದುರಸ್ತಿಗೆ ಒಂದು ಬಿಲ್ಲೂ ಇರಲಿಲ್ಲ. ಬಣ್ಣದ ಬಿಲ್ಲು ಮಾತ್ರ ಬಹಳ ಜೋಪಾನವಾಗಿ ಕಡತದ ಮೊದಲ ಪುಟದಲ್ಲಿತ್ತು.

ಈ ಕಾರಿಗೆ ಬಿಡಿಭಾಗಗಳ ಕೊರತೆಯೇ ಇಲ್ಲ. 1988ರಿಂದ ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ ಹಳೆಯ ಅಚ್ಚುಗಳಿಂದಲೇ ಇಡೀ ದೇಹವನ್ನು ಹೊಸದಾಗಿ ಒತ್ತಿ ಮಾರುತ್ತಿದೆ. ಸಿಲ್ಲಿನ ತಗಡುಗಳು ದುಬಾರಿಯಲ್ಲ, ಅವನ್ನು ಕೂರಿಸುವ ಕೈಗಳು ದುಬಾರಿ. ಎಡಬದಿಯ ಸಂಪೂರ್ಣ ಟಿಂಕರಿಂಗ್, ಆ ಬದಿಯ ಬಣ್ಣ, ಕಿಂಗ್‌ಪಿನ್‌ಗಳು ಇವೆಲ್ಲವನ್ನೂ ಕೂಡಿ ಕಳೆದು ನಾನು 7,500 ಪೌಂಡ್ ಹೇಳಿದೆ. ಎಂಜಿನ್ನು, ಗೇರ್‌ಬಾಕ್ಸುಗಳ ಮಟ್ಟಿಗೆ ಐದಕ್ಕೆ ನಾಲ್ಕು ಅಂಕ ಕೊಡಬಲ್ಲೆ, ದೇಹಕ್ಕೆ ಒಂದೂವರೆಗಿಂತ ಹೆಚ್ಚು ಕೊಡಲಾರೆ. ಮಾಲೀಕರು ಯೋಚಿಸಲು ಎರಡು ದಿನ ಕೇಳಿದ್ದಾರೆ. ಅಷ್ಟರಲ್ಲಿ ರೆಡಿಂಗ್ ಕಡೆಯಲ್ಲಿ 1972ರದೊಂದು ಕಾರು ಮಾರಾಟಕ್ಕಿದೆ. ಬಣ್ಣ ಮಾಸಿದೆ, ಆಸನಗಳು ಹರಿದಿವೆ, ಆದರೆ ಸಿಲ್ ಕತ್ತರಿಸಿ ಹೊಸದು ಕೂರಿಸಿದ ಪ್ರತಿ ಹಂತದ ಚಿತ್ರಗಳೂ ಇವೆಯಂತೆ. ಮುಂದಿನ ಶನಿವಾರ ಜ್ಯಾಕ್ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.