ಮೂರು ಫ್ಯಾಂಟಸಿ ಪತ್ರಿಕೆಗಳು: ಒಂದನ್ನೇ ಓದುವುದಾದರೆ ಯಾವುದು?

ಇಂಗ್ಲಿಷಿನಲ್ಲಿ ಫ್ಯಾಂಟಸಿ (ಮಾಯೆ, ಮಾಟಗಳ ಕಲ್ಪನಾಲೋಕದ ಕತೆ) ಎಂದರೆ ಇಟ್ಟಿಗೆ ದಪ್ಪದ ಕಾದಂಬರಿ, ಅದರಲ್ಲೂ ಆರೇಳು ಸಂಪುಟ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅಷ್ಟು ಪುಟಗಳಿಗೆ ಹೆದರುವವರಿಗಾಗಿಯೇ ಸಣ್ಣಕತೆಗಳ ಪತ್ರಿಕೆಗಳಿವೆ. ಅವುಗಳಲ್ಲಿ ಮೂರನ್ನು ಒಟ್ಟೊಟ್ಟಿಗೆ ಓದುತ್ತ ಬಂದಿದ್ದೇನೆ. ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನನ್ನ ಉತ್ತರ ಸಿದ್ಧವಿದೆ. ಅದು ಮೂರರಲ್ಲಿ ಹೆಚ್ಚು ಹೆಸರಾದದ್ದಂತೂ ಅಲ್ಲ.

ಹೆಸರಾದದ್ದು ‘ದಿ ಮ್ಯಾಗಝೀನ್ ಆಫ್ ಫ್ಯಾಂಟಸಿ ಅಂಡ್ ಸೈನ್ಸ್ ಫಿಕ್ಷನ್’. 1949ರಲ್ಲಿ ಅಮೆರಿಕದಲ್ಲಿ ಶುರುವಾದಾಗ ಹೆಸರಿನಲ್ಲಿ ಫ್ಯಾಂಟಸಿ ಮಾತ್ರ ಇತ್ತು. ವಿಜ್ಞಾನ ಕತೆ ಎರಡನೆಯ ಸಂಚಿಕೆಗೆ ಬಂದು ಸೇರಿಕೊಂಡಿತು. ಸ್ಟೀಫನ್ ಕಿಂಗ್ ಅವರ ‘ಡಾರ್ಕ್ ಟವರ್’ ಕಾದಂಬರಿ ಮಾಲೆಯ ನಾಯಕ, ಬಂದೂಕುಗಾರ ರೋಲಂಡ್ ಮೊದಲು ಕಾಣಿಸಿಕೊಂಡದ್ದು 1978ರಲ್ಲಿ ಇಲ್ಲಿಯೇ. 2011ರಲ್ಲಿ ಬಂದ ಕೆನ್ ಲಿಯು ಅವರ ‘ದಿ ಪೇಪರ್ ಮೆನಾಜರಿ’ಯಲ್ಲಿ ಚೀನೀ ತಾಯಿಯೊಬ್ಬಳು ಉಡುಗೊರೆಯ ಹೊದಿಕೆ ಕಾಗದದಲ್ಲಿ ಹುಲಿ ಮಡಿಸಿ, ಉಸಿರೂದಿ ಜೀವ ತುಂಬುತ್ತಾಳೆ. ಹ್ಯೂಗೋ, ನೆಬ್ಯುಲಾ, ವರ್ಲ್ಡ್ ಫ್ಯಾಂಟಸಿ ಮೂರೂ ಪ್ರಶಸ್ತಿಗಳನ್ನು ಒಟ್ಟಿಗೆ ಗೆದ್ದ ಮೊದಲ ಕತೆ ಅದು. ಆದರೆ ಈ ಪತ್ರಿಕೆಯ ಸಂಚಿಕೆ ನಮ್ಮ ದೀಪಾವಳಿ ವಿಶೇಷಾಂಕದ ಹಾಗೆ: ದೆವ್ವದ ಕತೆಯ ಪಕ್ಕದಲ್ಲಿ ಅಂತರಿಕ್ಷ ನೌಕೆ, ಅದರ ಪಕ್ಕದಲ್ಲಿ ನಗೆಕತೆ. ಒಂದು ಸೊಗಸಾದ ನೀಳ್ಗತೆಗಾಗಿ ಎರಡು ಸಪ್ಪೆ ಕತೆಗಳನ್ನು ದಾಟಬೇಕಾಗುತ್ತದೆ. ಓದಲು ಹಣ ಕೊಡಬೇಕು. ಅಚ್ಚಾದ ಪ್ರತಿಯೇ ಬೇಕೆಂದರೆ ಭಾರತಕ್ಕೆ ಅಂಚೆ ವೆಚ್ಚ ಬೇರೆ.

‘ಅನ್‌ಕ್ಯಾನಿ’ 2014ರಲ್ಲಿ ಹುಟ್ಟಿದ್ದು, ಎರಡು ತಿಂಗಳಿಗೊಮ್ಮೆ ಬರುತ್ತದೆ. ಇ-ಪುಸ್ತಕ ಕೊಂಡವರಿಗೆ ಇಡೀ ಸಂಚಿಕೆ ಒಮ್ಮೆಗೇ ಸಿಗುತ್ತದೆ. ಉಳಿದವರಿಗೆ ಉಚಿತವೇ, ಆದರೆ ಮೊದಲ ತಿಂಗಳು ಅರ್ಧ, ಮರುತಿಂಗಳು ಇನ್ನರ್ಧ. ಮೂರರಲ್ಲಿ ವಾಕ್ಯ ವಾಕ್ಯಕ್ಕೂ ನಯವಿರುವುದು ಇದರಲ್ಲಿ. ಸಾರಾ ಪಿನ್ಸ್ಕರ್ 2021ರಲ್ಲಿ ಇಲ್ಲಿ ಬರೆದ ಕತೆಯೊಂದು ಹಳೆಯ ಲಾವಣಿಯೊಂದರ ಸಾಲುಗಳ ಕೆಳಗೆ ಓದುಗರು ಬರೆದ ಟಿಪ್ಪಣಿಗಳ ರೂಪದಲ್ಲಿದೆ. ಪಾಠಾಂತರದ ಜಗಳ, ಅರ್ಥದ ಜಗಳ, ಕೊನೆಗೆ ಲಾವಣಿಯ ಊರನ್ನೇ ಹುಡುಕಿಕೊಂಡು ಹೊರಟವನೊಬ್ಬ. ನಮ್ಮ ಜಾನಪದ ಸಂಗ್ರಹಕಾರರು ಓದಿದರೆ ಮೊದಲು ನಗುತ್ತಾರೆ, ಆಮೇಲೆ ಬೆಚ್ಚುತ್ತಾರೆ. ಎಲ್ಲ ಕತೆಗಳೂ ಹೀಗಿದ್ದರೆ ಈ ಹೋಲಿಕೆಯೇ ಬೇಕಿರಲಿಲ್ಲ. ಬಹಳಷ್ಟು ಕತೆಗಳಿಗೆ ಓದುಗನ ಕಣ್ಣಲ್ಲಿ ನೀರು ತರಿಸುವ ಆತುರ. ನೋವು ಯಾರದು, ಏಕೆ ಎಂಬುದನ್ನೆಲ್ಲ ಪಾತ್ರಗಳೇ ಬಿಡಿಸಿ ಹೇಳಿಬಿಡುತ್ತವೆ.

ನನ್ನ ಮತ ‘ಬಿನೀತ್ ಸೀಸ್‌ಲೆಸ್ ಸ್ಕೈಸ್’ ಎಂಬ ಉದ್ದ ಹೆಸರಿನ ಪತ್ರಿಕೆಗೆ. ಸ್ಕಾಟ್ ಎಚ್. ಆಂಡ್ರ್ಯೂಸ್ 2008ರಲ್ಲಿ ಆರಂಭಿಸಿದ್ದು, ಹದಿನೈದು ದಿನಕ್ಕೊಮ್ಮೆ ಸಾಮಾನ್ಯವಾಗಿ ಎರಡೇ ಕತೆ, ಓದಲು ಉಚಿತ, ಕೆಲವು ಕತೆಗಳನ್ನು ಕೇಳಲೂಬಹುದು. ಸಂಪಾದಕರ ಷರತ್ತು ಕಟ್ಟುನಿಟ್ಟು: ಕತೆ ನಡೆಯುವುದು ಇಂದಿನ ನಮ್ಮ ಲೋಕದಲ್ಲಿ ಆಗಕೂಡದು. ಸೃಷ್ಟಿಸಿದ ಲೋಕವಿರಬೇಕು, ಇಲ್ಲವೇ ಮಾಯೆ ಬೆರೆತ ಹಳೆಯ ಕಾಲ. ರಿಚರ್ಡ್ ಪಾರ್ಕ್ಸ್ ಅವರ ಯಮಾದಾ ಸುಮಾರು ಸಾವಿರ ವರ್ಷಗಳ ಹಿಂದಿನ, ಹೆಯಾನ್ ಕಾಲದ ಜಪಾನಿನಲ್ಲಿ ದೆವ್ವಗಳ ಬೆನ್ನು ಹತ್ತುತ್ತಾನೆ. ಸಲಾದಿನ್ ಅಹ್ಮದ್ ಅವರ ಅದೂಲಾ ಅರಬ್ಬೀ ಕತೆಗಳ ಛಾಯೆಯಿರುವ ನಗರವೊಂದರ ಪಿಶಾಚಿ ಬೇಟೆಗಾರ: ವಯಸ್ಸಾದವನು, ಸ್ಥೂಲಕಾಯ, ಒರಟು ಬಾಯಿಯವನು. ಅವನನ್ನು ಹುಡುಕಿಕೊಂಡು ಬರುವ ತರುಣ ದರ್ವೇಶಿ (ಫಕೀರ) ಮಹಾ ಶಿಸ್ತಿನವನು. ಇಬ್ಬರ ಜಟಾಪಟಿಯಲ್ಲೇ ಲೋಕ ನಮಗೆ ಪರಿಚಯವಾಗುತ್ತದೆ, ಲೇಖಕರು ನಕ್ಷೆ ಬಿಡಿಸಿ ತೋರಿಸುವುದಿಲ್ಲ.

ಈ ಪತ್ರಿಕೆಯನ್ನು ನಾನು ಮೇಲಿಡುವುದು ಇದಕ್ಕೇ. ಕಾದಂಬರಿಯಲ್ಲಿ ನೂರು ಪುಟ ತಿನ್ನುವ ಲೋಕನಿರ್ಮಾಣ ಇಲ್ಲಿ ಒಂದೆರಡು ಪುಟದಲ್ಲಿ ಆಗಲೇಬೇಕು. ಮೊದಲ ಪುಟದಲ್ಲಿ ಗುರುತಿಲ್ಲದ ದೇವರು, ಊರು, ನಾಣ್ಯಗಳ ಹೆಸರುಗಳು ಮೈಮೇಲೆ ಬಿದ್ದಂತಾಗುತ್ತದೆ ನಿಜ. ಬೇತಾಳನನ್ನು ಹೆಗಲಿಗೇರಿಸಿಕೊಂಡು ನಡೆದ ರಾಜನ ಕತೆ ಕೇಳಿ ಬೆಳೆದವರು ಅಷ್ಟಕ್ಕೆ ಹಿಂಜರಿಯಬೇಕಿಲ್ಲ. ಕೊರತೆಯೆಂದರೆ ನಗು ಕಡಿಮೆ. ಸಾಲಾಗಿ ನಾಲ್ಕು ಸಂಚಿಕೆ ಓದಿದರೆ ಎಲ್ಲರೂ ಗಂಭೀರ ಮುಖದಲ್ಲಿ ಕತ್ತಿ ಒರೆಸುತ್ತಿರುವಂತೆ ತೋರುತ್ತದೆ. ಆಗ ನಾನು ವಿಶೇಷಾಂಕದಂಥ ಆ ಮೊದಲ ಪತ್ರಿಕೆಯ ಕಡೆಗೆ ಹೊರಳುತ್ತೇನೆ.

ಹೊಸಬರು ಅದೂಲಾನ ಆ ಕತೆಯಿಂದಲೇ, ಅಹ್ಮದ್ ಅವರ 2009ರ ‘ವೇರ್ ವರ್ಚ್ಯೂ ಲಿವ್ಸ್’ನಿಂದಲೇ, ಶುರುಮಾಡಬಹುದು, ಹಳೆಯ ಸಂಚಿಕೆಗಳೂ ಉಚಿತವೇ. ಅದೇ ಅದೂಲಾ 2012ರಲ್ಲಿ ಕಾದಂಬರಿಗೂ ಬಂದ. ಕತೆಯನ್ನೇ ಮೊದಲು ಓದಿ. ಕಾದಂಬರಿಯಲ್ಲಿ ಇಬ್ಬರೂ ಆಗಲೇ ಜೊತೆಗಾರರು, ಮೊದಲ ಭೇಟಿಯ ಮುನಿಸು ಅಲ್ಲಿ ಸಿಗುವುದಿಲ್ಲ.