ಎನ್‌ಪಿಟೆಲ್ ಕೋರ್ಸ್: ಬನಹಟ್ಟಿಯ ಹುಡುಗಿಯೊಬ್ಬಳ ಮೂರು ವರ್ಷದ ಅನುಭವ

ನಮ್ಮ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ಇವೆ. ಕರೆಂಟ್ ಇದ್ದಾಗ ಅವುಗಳ ಸದ್ದು, ಕರೆಂಟ್ ಹೋದಾಗ ವೈಫೈ ಇಲ್ಲ. ಬಾಗಲಕೋಟೆಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಕಂಪ್ಯೂಟರ್ ಸೈನ್ಸ್ ಓದುತ್ತೇನೆ, ರಜೆಗೆ ಬನಹಟ್ಟಿಗೆ ಬರುತ್ತೇನೆ. ಈ ಎರಡು ಕಡೆ ಕೂತು ಸ್ವಯಂ ಎಂಬ ಆನ್‌ಲೈನ್ ಪೋರ್ಟಲ್‌ನಲ್ಲಿ ಎನ್‌ಪಿಟೆಲ್‌ನ ಮೂರು ಉಚಿತ ವಿಡಿಯೊ ಕೋರ್ಸ್ ಸೇರಿದೆ. ಒಂದು ಅರ್ಧಕ್ಕೇ ನಿಂತಿತು, ಎರಡು ಮುಗಿದವು. ಕಾಲೇಜಿನ ಜೂನಿಯರ್‌ಗಳು ಸೇರಬೇಕೋ ಬೇಡವೋ ಎಂದು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಎನ್‌ಪಿಟೆಲ್ ಅನ್ನು ಐಐಟಿಗಳೂ ಬೆಂಗಳೂರಿನ ಐಐಎಸ್‌ಸಿಯೂ ಸೇರಿ 2003ರಲ್ಲಿ ಶುರು ಮಾಡಿದವು. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲ್ ಬಂದದ್ದು 2017ರಲ್ಲಿ. ಕೋರ್ಸ್‌ಗಳು 4, 8 ಅಥವಾ 12 ವಾರದವು. ಹೆಸರು ಹಚ್ಚಲು, ಪಾಠ ಕೇಳಲು, ಅಸೈನ್‌ಮೆಂಟ್ ಕೊಡಲು ಒಂದು ರೂಪಾಯಿಯೂ ಇಲ್ಲ. ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕೆಂದರೆ ಮಾತ್ರ ಶುಲ್ಕ. ನಾನು ಒಂದೊಂದಕ್ಕೆ 1,000 ರೂಪಾಯಿ ಕಟ್ಟಿದ್ದೇನೆ.

ಮೊದಲನೆಯದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 12 ವಾರದ ಕೋರ್ಸ್. ವಿಡಿಯೊ ಬಹಳ ಚೆನ್ನಾಗಿದ್ದವು, ನನಗೆ ತೊಂದರೆ ಆದದ್ದೂ ಅದರಿಂದಲೇ. ಬಸ್ಸಿನಲ್ಲಿ, ಮೆಸ್ಸಿನಲ್ಲಿ, ಮಲಗುವ ಮುಂಚೆ ನೋಡುತ್ತಿದ್ದೆ. ಎಲ್ಲ ತಿಳಿಯುತ್ತಿದೆ ಅನ್ನಿಸುತ್ತಿತ್ತು. ಐದನೇ ವಾರದ ಅಸೈನ್‌ಮೆಂಟ್ ತೆರೆದಾಗ ಮೊದಲ ಸಾಲು ಬರೆಯಲು ಕೈ ಓಡಲಿಲ್ಲ. ಆ ವಾರ ಬಿಟ್ಟೆ, ಮುಂದಿನದನ್ನೂ ಬಿಟ್ಟೆ. ಆಮೇಲೆ ಪೋರ್ಟಲ್ ತೆರೆಯಲಿಕ್ಕೇ ಭಯ ಆಗುತ್ತಿತ್ತು. ಪರೀಕ್ಷೆಗೆ ಹೆಸರೇ ಹಚ್ಚಲಿಲ್ಲ.

ಹಾಸ್ಟೆಲ್ಲಿನ ಸೀನಿಯರ್ ಅಕ್ಕನ ಮುಂದೆ ಇದನ್ನು ಹೇಳಿಕೊಂಡಾಗ ಆಕೆ ನನ್ನ ನೋಟ್‌ಬುಕ್ ಕೇಳಿದಳು. ನನ್ನ ಬಳಿ ಇರಲಿಲ್ಲ. ‘ಬರೀ ನೋಡಿದ್ರ ಹೆಂಗ ತಂಗಿ? ವಿಡಿಯೊ ನಿಂದರಿಸು, ಮುಂದಿನ ಸಾಲು ನೀನ ಬರಿ, ಆಮ್ಯಾಲ ಮೇಷ್ಟ್ರು ಏನ್ ಬರೀತಾರ ನೋಡು’ ಅಂದಳು. ನನ್ನ ಓದು ಬದಲಾದದ್ದು ಈ ಒಂದು ಮಾತಿನಿಂದ. ಇಪ್ಪತ್ತು ನಿಮಿಷದ ವಿಡಿಯೊಗೆ ಒಂದು ಗಂಟೆ ಹಿಡಿಯತೊಡಗಿತು. ಆದರೆ ಮತ್ತೊಮ್ಮೆ ನೋಡುವ ಪ್ರಸಂಗ ಬರಲಿಲ್ಲ.

ಎರಡನೆಯದು ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನ ಪ್ರೊ. ಮಾಧವನ್ ಮುಕುಂದ್ ಅವರ 8 ವಾರದ ಕೋರ್ಸ್. ಪೈಥಾನ್‌ನಲ್ಲಿ ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ಬಗೆ) ಮತ್ತು ಅಲ್ಗಾರಿದಮ್ (ಲೆಕ್ಕ ಬಿಡಿಸುವ ಹಂತಗಳು) ಕಲಿಸುತ್ತಾರೆ. ಅದರಲ್ಲಿ ಎಂಟು ರಾಣಿಯರ ಲೆಕ್ಕ ಬರುತ್ತದೆ: ಚದುರಂಗದ ಮಣೆಯ ಮೇಲೆ ಎಂಟು ರಾಣಿಯರನ್ನು ಒಬ್ಬರಿಗೊಬ್ಬರು ಹೊಡೆಯದಂತೆ ಕೂಡಿಸಬೇಕು. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ 64 ಮನೆ ಬರೆದು ಶೇಂಗಾ ಕಾಳು ಇಟ್ಟು ಆಡಿದೆ. ಆರನೇ ಕಾಳಿಗೆ ಜಾಗ ಸಿಗದೆ ಐದನೆಯದನ್ನು ಎತ್ತಿ ಸರಿಸಿದಾಗ, ‘ಬ್ಯಾಕ್‌ಟ್ರ್ಯಾಕಿಂಗ್’ ಅಂದರೆ ಇದೇ ಎಂದು ಕೈಗೇ ಗೊತ್ತಾಯಿತು. ಅವ್ವ ಪಕ್ಕದಲ್ಲಿ ಮಗ್ಗದ ಕಂಡಿಕಿಗೆ ನೂಲು ಸುತ್ತುತ್ತ ನೋಡುತ್ತಿದ್ದಳು, ಒಂದೆರಡು ಕಾಳು ತಾನೂ ಸರಿಸಿದಳು. ಅಷ್ಟು ಸಂತೋಷ ನನಗೆ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಈ ಸೇವೆಯಲ್ಲಿ ನನಗೆ ಅತಿ ಹೆಚ್ಚು ಹಿಡಿಸಿದ್ದು ವಾರದ ಗಡುವು. ಅಸೈನ್‌ಮೆಂಟ್ ಗೊತ್ತುಪಡಿಸಿದ ದಿನ ರಾತ್ರಿ 11:59ಕ್ಕೆ ಮುಚ್ಚುತ್ತದೆ. ಅದಕ್ಕೂ ಮುಂಚೆ ಎಷ್ಟು ಸಲ ಬೇಕಾದರೂ ತಿದ್ದಿ ಕೊಡಬಹುದು, ಕೊನೆಯ ಸಲ ಕೊಟ್ಟದ್ದೇ ಲೆಕ್ಕ. ಗಡುವು ಇಲ್ಲದ ಒಂದು ಖಾಸಗಿ ಆ್ಯಪ್‌ನ ಕೋರ್ಸ್‌ಗೆ ಹಿಂದೆ ದುಡ್ಡು ಕಟ್ಟಿದ್ದೆ. ‘ಯಾವಾಗ ಬೇಕಾದರೂ ಕಲಿಯಿರಿ’ ಅನ್ನುವುದು ಅದರ ಜಾಹೀರಾತು. ನಾನು ಎರಡನೇ ಪಾಠ ದಾಟಲಿಲ್ಲ. ಎಳೆ ಹರಿದರೆ ಅಪ್ಪ ಆ ಕ್ಷಣವೇ ಮಗ್ಗ ನಿಲ್ಲಿಸುತ್ತಾರೆ. ‘ಆಮ್ಯಾಲ ಕಟ್ಟತೀನಿ ಅಂದ್ರ ಸೀರಿ ತುಂಬ ಗೆರಿ ಬೀಳತೈತವ್ವ’ ಅನ್ನುತ್ತಾರೆ. ಗಡುವಿನ ದಿನಕ್ಕಾಗಿ ಕಾಯದೆ, ಎರಡು ದಿನ ಮುಂಚೆಯೇ ಮೊದಲ ಸಲ ಕೊಟ್ಟುಬಿಡುವುದನ್ನು ರೂಢಿ ಮಾಡಿಕೊಂಡೆ. ಕರೆಂಟ್, ನೆಟ್ ಯಾವುದು ಕೈಕೊಟ್ಟರೂ ಆಮೇಲೆ ಎದೆ ಹೊಡೆದುಕೊಳ್ಳಲಿಲ್ಲ.

ಅಂಕದ ಲೆಕ್ಕವನ್ನು ಮೊದಲ ದಿನವೇ ತಿಳಿದುಕೊಳ್ಳಿ. ಸಾಮಾನ್ಯವಾಗಿ ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. 8 ವಾರದ ಕೋರ್ಸ್‌ನಲ್ಲಿ ಚೆನ್ನಾಗಿ ಮಾಡಿದ 6 ಅಸೈನ್‌ಮೆಂಟ್, 12 ವಾರದ್ದರಲ್ಲಿ 8 ಎಣಿಕೆಗೆ ಬರುತ್ತವೆ. ಅಂದರೆ ಜ್ವರ, ಜಾತ್ರೆ, ಇಂಟರ್ನಲ್ಸ್ ಎಂದು ಒಂದೆರಡು ವಾರ ತಪ್ಪಿದರೂ ಕೋರ್ಸ್ ಬಿಡಬೇಕಾಗಿಲ್ಲ. ಇದು ಮೊದಲೇ ಗೊತ್ತಿದ್ದರೆ ನಾನು ಪೈಥಾನ್ ಬಿಡುತ್ತಿರಲಿಲ್ಲ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30, ಎರಡೂ ಬೇರೆಬೇರೆಯಾಗಿ ಬರಬೇಕು. ಟೆಲಿಗ್ರಾಮ್‌ನಲ್ಲಿ ಪ್ರತಿ ವಾರ ಉತ್ತರ ಹರಿದಾಡುತ್ತದೆ. ಅದನ್ನು ನಂಬಿದ ಗೆಳತಿಗೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ 25, ಪರೀಕ್ಷೆಯಲ್ಲಿ 22. ಒಟ್ಟು 47 ಆದರೂ ಪ್ರಮಾಣಪತ್ರ ಇಲ್ಲ. ಆಕೆ ಅತ್ತದ್ದನ್ನು ನೋಡಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ನನಗೆ ಮಾಧವನ್ ಮುಕುಂದ್ ಅವರ ಕೋರ್ಸ್‌ನಲ್ಲಿ ಒಟ್ಟು 72. 60 ಅಥವಾ ಹೆಚ್ಚು ಬಂದರೆ ಪ್ರಮಾಣಪತ್ರದ ಮೇಲೆ ‘ಎಲೀಟ್’ ದರ್ಜೆ. ಮುಂದಿನ ವರ್ಷ ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯ 12 ವಾರದ ಕೋರ್ಸ್‌ನಲ್ಲಿ 79 ಬಂದು, ಅದಕ್ಕೂ ಮೇಲಿನ ‘ಬೆಳ್ಳಿ’ ದರ್ಜೆ ಸಿಕ್ಕಿತು.

ಕನ್ನಡ ಮಾಧ್ಯಮದಿಂದ ಬಂದವರಿಗೆ ದೊಡ್ಡ ಅಡ್ಡಿ ಇಂಗ್ಲಿಷ್. ನಾನು ಸೇರಿದ ಕೋರ್ಸ್‌ಗಳ ಪಾಠವೆಲ್ಲ ಇಂಗ್ಲಿಷಿನಲ್ಲೇ. ನಾನು ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವಳು. ಮೊದಲ ವಾರ ಮೇಷ್ಟ್ರ ವೇಗಕ್ಕೆ ಕಿವಿ ಹೊಂದಲೇ ಇಲ್ಲ. ಪ್ರತಿ ಪಾಠದ ಮಾತು ಬರಹದ ರೂಪದಲ್ಲೂ ಸಿಗುತ್ತದೆ. ಅದನ್ನು ಮೊದಲು ಓದಿ, ಗೊತ್ತಿಲ್ಲದ ಪದಕ್ಕೆ ಕನ್ನಡ ಅರ್ಥ ಬರೆದುಕೊಂಡು ವಿಡಿಯೊ ಹಚ್ಚಿದರೆ ಅರ್ಧ ಭಾರ ಇಳಿಯುತ್ತದೆ. ಕೆಲವು ಕೋರ್ಸ್‌ಗಳ ಬರಹ ಕನ್ನಡಕ್ಕೂ ಅನುವಾದ ಆಗಿದೆ, ಸೇರುವಾಗ ಹುಡುಕಿ ನೋಡಿ. ಎಲ್ಲ ಕೋರ್ಸ್‌ಗೂ ಆಗಬೇಕು ಎಂಬುದು ನನ್ನ ಗಟ್ಟಿ ಬೇಡಿಕೆ.

ಪರೀಕ್ಷೆ ಮನೆಯಲ್ಲಿ ಕೂತು ಬರೆಯುವಂಥದ್ದಲ್ಲ. ಕೇಂದ್ರಕ್ಕೇ ಹೋಗಿ ಕಂಪ್ಯೂಟರ್ ಮುಂದೆ ಮೂರು ತಾಸು ಕೂಡಬೇಕು. ನಾನು ಬೆಳಗಾವಿ ಆರಿಸಿಕೊಂಡಿದ್ದೆ. ಬೆಳಗಿನ ಪಾಳಿ 9ಕ್ಕೇ ಇದ್ದುದರಿಂದ ಹಿಂದಿನ ಸಂಜೆಯೇ ಬಸ್ ಹಿಡಿದು ಸೋದರಮಾವನ ಮನೆಯಲ್ಲಿ ಉಳಿದೆ. ಗುರುತಿನ ಚೀಟಿಯ ಮೂಲಪ್ರತಿ ಒಯ್ಯುವುದನ್ನು ಮರೆಯಬೇಡಿ.

ಪದವಿಯ ಲೆಕ್ಕಕ್ಕೆ ಹಿಡಿಯುವ ಕ್ರೆಡಿಟ್‌ಗಾಗಿ ಸೇರುವವರು ಮೊದಲು ಕಾಲೇಜಿನಲ್ಲಿ ಕೇಳಿ. ಯುಜಿಸಿಯ 2021ರ ನಿಯಮ ಒಂದು ಸೆಮಿಸ್ಟರಿನ ಒಟ್ಟು ಕೋರ್ಸ್‌ಗಳಲ್ಲಿ ಶೇಕಡ 40ರವರೆಗೆ ಸ್ವಯಂ ಕೋರ್ಸ್‌ಗಳಿಗೆ ಅವಕಾಶ ಕೊಟ್ಟಿದೆ, ಆದರೆ ನಿಮ್ಮ ಕಾಲೇಜು ಯಾವುದನ್ನು ಒಪ್ಪುತ್ತದೆ ಎಂಬುದು ಬೇರೆ ಮಾತು.

5ಕ್ಕೆ 4 ಕೊಡುತ್ತೇನೆ. ಒಂದು ಅಂಕ ಕಳೆದದ್ದು ಭಾಷೆಗೆ. ಈ ಸಲ ತಮ್ಮನೂ ಪೈಥಾನ್‌ಗೆ ಹೆಸರು ಹಚ್ಚಿದ್ದಾನೆ. ನಾನು ಅರ್ಧಕ್ಕೆ ಬಿಟ್ಟ ಅದೇ ಕೋರ್ಸ್‌ಗೆ ಅವನ ಜೊತೆ ನಾನೂ ಮತ್ತೆ ಸೇರಿದ್ದೇನೆ. ಇಬ್ಬರಿಗೂ ಒಂದೊಂದು 200 ಪುಟದ ನೋಟ್‌ಬುಕ್ ತಂದಿಟ್ಟಿದ್ದೇನೆ.