ಮದ್ದು ನಡೀತಿರುವ ನಾಯಿಮರಿಯನ್ನು ಬೋರ್ಡಿಂಗಲ್ಲಿ ಬಿಡುವ ಮೊದಲು ಇದನ್ನೊಮ್ಮೆ ಓದಿ

ಕಾಸರಗೋಡು, ಕುಂಬಳೆ, ಉಪ್ಪಳ ಕಡೆ ನಾಯಿ ಸಾಕುವವರು ದಯವಿಟ್ಟು ಪೂರ್ತಿ ಓದಿ. ನಮಗಾದದ್ದು ಇನ್ಯಾರಿಗೂ ಆಗ್ಬಾರ್ದು.

ನಮ್ಮ ಚಿನ್ನು ಐದು ತಿಂಗಳ ಲ್ಯಾಬ್ರಡಾರ್ ಮರಿ. ಉಣುಗು ಕಚ್ಚಿ ಟಿಕ್ ಫೀವರ್ ಬಂದಿತ್ತು, ರಕ್ತ ಪರೀಕ್ಷೆಯಲ್ಲಿ ಎರ್ಲಿಕಿಯಾ (ಉಣುಗಿಂದ ಹರಡುವ ರೋಗಾಣು) ಅಂತ ಬಂತು, ಪ್ಲೇಟ್ಲೆಟ್ಟೂ ಕಡಿಮೆ. ಡಾಕ್ಟ್ರು ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಗುಳಿಗೆ ಬರೆದು 28 ದಿನ ಒಂದು ಹೊತ್ತೂ ತಪ್ಪಬಾರ್ದು, ಖಾಲಿ ಹೊಟ್ಟೆಗೆ ಕೊಟ್ರೆ ವಾಂತಿ ಮಾಡ್ತದೆ, ಊಟದ ಜೊತೆಗೇ ಕೊಡಿ ಅಂದಿದ್ರು. ಅಷ್ಟರಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಅಕ್ಕನ ಮಗನ ಉಪನಯನ. ಬುಟ್ಟಿಯಲ್ಲಿ ಒಯ್ಯುವಷ್ಟು ಸಣ್ಣ ಮರಿ ಅಲ್ಲ, ರೈಲಿನ ಎಸಿ ಟೂ ಟಯರ್ ತ್ರೀ ಟಯರಲ್ಲಿ ನಾಯಿ ಬಿಡೋದಿಲ್ಲ, ಫಸ್ಟ್ ಎಸಿಯಲ್ಲಿ ಕೂಪೆ ಪೂರ್ತಿ ನಮ್ಮದೇ ಆಗ್ಬೇಕು, ಇಲ್ಲಾಂದ್ರೆ ಗಾರ್ಡ್ ಬೋಗಿಯ ಡಾಗ್ ಬಾಕ್ಸು. ಜ್ವರದಿಂದ ಎದ್ದ ಮರಿಯನ್ನು ಅದ್ರೊಳಗೆ ಹಾಕೋದು ಬೇಡ ಅಂತ ಡಾಕ್ಟ್ರೂ ಹೇಳಿದ್ರು, ಹಾಗೆ ತಲಪಾಡಿ ದಾಟಿ ಮಂಗಳೂರು ಕಡೆಯ ಒಂದು ಬೋರ್ಡಿಂಗಿಗೆ (ನಾವು ಊರಲ್ಲಿ ಇಲ್ಲದಾಗ ನಾಯಿ ನೋಡಿಕೊಳ್ಳುವ ಜಾಗ) ಬಿಟ್ವಿ.

"ನಮ್ಮಲ್ಲಿ ಡಾಕ್ಟ್ರು ಇದ್ದಾರೆ, ಮದ್ದು ಟೈಮಿಗೆ ಸರಿ ಕೊಡ್ತೇವೆ, ನೀವು ಆರಾಮಲ್ಲಿ ಹೋಗಿ ಬನ್ನಿ ಅಕ್ಕ" ಅಂದ್ರು ಯಜಮಾನ್ರು. ಮದ್ದಿನ ಹೊತ್ತು, ಊಟದ ಅಳತೆ, ನಮ್ಮ ಡಾಕ್ಟ್ರ ನಂಬರ್ ಎಲ್ಲ ಬರೆದು ಕೊಟ್ಟೆ. ಆ ಚೀಟಿ ಅವರ ಡ್ರಾವರಲ್ಲೇ ಉಳೀತು. ಮರಿಗಳಿಗೆ ಊಟ ಹಾಕುವ ಹುಡುಗ ಬೇರೆ, ಅವನಿಗೆ ಹಿಂದಿ ಬಿಟ್ರೆ ಏನೂ ಬರೋದಿಲ್ಲ, ಮದ್ದಿನ ಸುದ್ದಿಯನ್ನೇ ಯಾರೂ ಅವನಿಗೆ ಹೇಳಿರ್ಲಿಲ್ಲ. ಡಾಕ್ಟ್ರು ಇರೋದು ಫೋನಲ್ಲಿ ಮಾತ್ರ.

ದಿನಾ ಫೋಟೋ ಬರ್ತಿತ್ತು. ಬಿಡುವ ದಿನ ಬೆಳಿಗ್ಗೆ ರಕ್ತ ತೆಗೆದಿದ್ರು, ಮುಂಗಾಲಿಗೆ ನೀಲಿ ಟೇಪು ಸುತ್ತಿತ್ತು, ಸಂಜೆ ಬಿಚ್ಚಿ ಅಂತ ಹೇಳಿಯೇ ಬಂದಿದ್ದೆ. ಉಪನಯನದ ದಿನ ಬಂದ ಫೋಟೋದಲ್ಲೂ ಅದೇ ಟೇಪು, ತುದಿ ಸಹ ಹಾಗೇ ಮಡಚಿಕೊಂಡಿತ್ತು. ಎಲ್ಲ ಮೊದಲ ದಿನವೇ ತೆಗೆದಿಟ್ಟ ಫೋಟೋಗಳು! ವಿಡಿಯೋ ಕಾಲ್ ಕೇಳಿದ್ರೆ ನೆಟ್‌ವರ್ಕ್ ಇಲ್ಲ ಅಂತಾರೆ. ತತ್ಕಾಲಲ್ಲಿ ಟಿಕೆಟ್ ಮಾಡಿ ಬೇಗ ವಾಪಸ್ ಬಂದ್ವಿ.

ಚಿನ್ನು ನಮ್ಮನ್ನು ನೋಡಿ ಏಳ್ಲಿಲ್ಲ ಮಾರಾಯ್ರೆ, ಬಾಲ ಮಾತ್ರ ಸ್ವಲ್ಪ ಅಲ್ಲಾಡಿಸಿತು. ತುಟಿ ಎತ್ತಿ ನೋಡಿದ್ರೆ ಒಸಡು ಸುಣ್ಣದ ಹಾಗೆ ಬಿಳಿ, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹೊಸ ಉಣುಗು. ಮದ್ದಿನ ಸ್ಟ್ರಿಪ್ಪಲ್ಲಿ ಒಂದೇ ಒಂದು ಗುಳಿಗೆ ಖಾಲಿ. ಯಜಮಾನ್ರೇ ಖಾಲಿ ಹೊಟ್ಟೆಗೆ ಕೊಟ್ಟಿದ್ದಾರೆ, ಅದು ವಾಂತಿ ಮಾಡಿದೆ, ಅಲ್ಲಿಗೆ ನಿಲ್ಲಿಸಿಬಿಟ್ಟಿದ್ದಾರೆ. ಒಂದು ಫೋನ್ ಮಾಡ್ಬಹುದಿತ್ತಲ್ಲ?

ಸೀದಾ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿ ಮದ್ದು ಮೊದಲಿಂದ ಶುರು ಮಾಡಿದ್ವಿ. ಈಗ ಗಂಜಿ ಅನ್ನ ತಿಂತದೆ.

ನೀವು ಬಿಡುವುದಾದ್ರೆ ಯಜಮಾನ್ರನ್ನಲ್ಲ, ಊಟ ಹಾಕುವವರನ್ನೇ ಕರೆಸಿ ಅವರ ಕೈಯಲ್ಲಿ ನಿಮ್ಮೆದುರೇ ಒಂದು ಗುಳಿಗೆ ಕೊಡಿಸಿ. ಮದ್ದಿನ ಹೊತ್ತಿಗೇ ವಿಡಿಯೋ ಕಾಲ್ ಬೇಕು ಅಂತ ಹಟ ಹಿಡೀರಿ. ಲಸಿಕೆ ಕಾರ್ಡ್ ಕೇಳದ ಜಾಗ ಆದ್ರೆ ಅಲ್ಲಿಂದ್ಲೇ ತಿರುಗಿ ಬನ್ನಿ, ನಮ್ಮದನ್ನೂ ಕೇಳಿರ್ಲಿಲ್ಲ, ಪಕ್ಕದ ಗೂಡಲ್ಲಿ ಎರಡು ತಿಂಗಳ ಮರಿ ಇತ್ತು. ಮರಿಗಳಿಗೆ ವಾಂತಿ ಭೇದಿ ಬರಿಸಿ ಜೀವಕ್ಕೇ ಕುತ್ತು ತರುವ ಪಾರ್ವೋ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರ್ತದೆ, ಬರೀ ಫಿನಾಯಿಲಿಗೆ ಸಾಯೋದಿಲ್ಲ, ಬ್ಲೀಚಿಂಗ್ ಹಾಕಿ ತೊಳೀಬೇಕು. ಚಿನ್ನುಗೆ 16 ವಾರ ದಾಟಿದ ಮೇಲಿನ ಲಸಿಕೆ ಡೋಸೂ ಆಗಿದ್ದಕ್ಕೆ ಅದೊಂದು ಭಯ ಇರ್ಲಿಲ್ಲ.

ಕುಂಬಳೆ ಆಸುಪಾಸಲ್ಲಿ ಮನೆಗೇ ಬಂದು ನಾಯಿಗೆ ಮದ್ದು ಕೊಡುವವರು ಗೊತ್ತಿದ್ರೆ ತಿಳಿಸಿ.